ಬಿರುಕು ಬಿಟ್ಟ ಮಣ್ಣಿನ ಚಿತ್ರ: ಹಾಳಾಗಿದ್ದೋ, ಬೇಕಂತಲೇ ಹಾಗೆ ಬಿಟ್ಟಿದ್ದೋ?

ರಾತ್ರಿಪಾಳಿ ಕೇಳಿದ ಪ್ರಶ್ನೆ

ಚಿತ್ರಕಲೆ ನನಗೆ ಅಷ್ಟಕ್ಕಷ್ಟೇ. ರಾತ್ರಿ ಪಾಳಿ ಕೆಲಸ. ನಡುವೆ ಬಿಡುವು ಸಿಕ್ಕರೆ ಫೋನಿನಲ್ಲಿ ಏನಾದರೂ ನೋಡುತ್ತಾ ಕೂರುತ್ತೇನೆ. ಹಾಗೆ ನೋಡುವಾಗ ಪ್ಯಾಲೆಸ್ತೀನಿನ ಸ್ಲಿಮಾನ್ ಮನ್ಸೂರ್ ಅನ್ನುವ ಕಲಾವಿದರ ಎರಡು ಕೆಲಸಗಳು ಒಂದರ ಹಿಂದೆ ಒಂದು ಕಣ್ಣಿಗೆ ಬಿದ್ದವು.

ಮೊದಲನೆಯದು ಬಣ್ಣದ ಚಿತ್ರ. ಒಬ್ಬ ಮುದುಕ, ಬರಿಗಾಲು, ಬಾಗಿದ ಬೆನ್ನು. ಬೆನ್ನ ಮೇಲೆ ಹಗ್ಗ ಕಟ್ಟಿದ ದೊಡ್ಡ ಹೊರೆ. ಹೊರೆಯೊಳಗೆ ಇಡೀ ಜೆರುಸಲೇಮ್ ಊರು! ಚಿನ್ನದ ಗುಮ್ಮಟ, ಮನೆಗಳು, ಎಲ್ಲ. ಇದು ನನ್ನಂಥವನಿಗೂ ತಕ್ಷಣ ಅರ್ಥವಾಯಿತು.

ಎರಡನೆಯದೇ ತಲೆ ಕೆಡಿಸಿದ್ದು. ಬಣ್ಣವೇ ಇಲ್ಲ. ಹಲಗೆಯ ಮೇಲೆ ಮಣ್ಣು ಮೆತ್ತಿ ಮಾಡಿದ ಮನುಷ್ಯನ ಆಕಾರ. ಮೈಯೆಲ್ಲ ಬಿರುಕು, ಬೇಸಿಗೆಯ ಕೆರೆಯಂಗಳದ ಹಾಗೆ. ಮೊದಲು ಬೇರೆ ಯಾರದ್ದೋ ಇರಬೇಕು ಅಂದುಕೊಂಡೆ. ಕೆಳಗೆ ನೋಡಿದರೆ ಅದೇ ಹೆಸರು.

ಈಗ ನನ್ನ ಪ್ರಶ್ನೆ. ಆ ಬಿರುಕು ವರ್ಷ ಕಳೆದಂತೆ ಆದ ಹಾನಿಯಾ, ಅಥವಾ ಅವರು ಬೇಕಂತಲೇ ಮಾಡಿದ್ದಾ? ಅಷ್ಟು ಚೆನ್ನಾಗಿ ಬಣ್ಣ ಹಚ್ಚುವ ಮನುಷ್ಯ ಅದನ್ನು ಬಿಟ್ಟು ಮಣ್ಣಿಗೆ ಯಾಕೆ ಹೋದರು? ಜೊತೆಗೆ ಇನ್ನೊಂದು. ಪ್ಯಾಲೆಸ್ತೀನಿಗೆ ಬೆಂಬಲ ಅಂತ ಈಗ ಎಲ್ಲರೂ ಹಾಕುವ ಕಲ್ಲಂಗಡಿ ಗುರುತು ಇವರೇ ಬರೆದದ್ದು ಅಂತ ಒಂದು ಕಡೆ ಓದಿದೆ. ನಿಜವಾ?

ಗೋಡೆಮೊಳೆ

ಹಾಳಾಗಿದ್ದೇ ಇರಬೇಕು. ಮಣ್ಣು ಅಂದಮೇಲೆ ಬಿರುಕು ಬಿಡದೆ ಇರುತ್ತಾ? ಆಮೇಲೆ ಕಲಾ ವಿಮರ್ಶಕರು ಬಂದು "ಇದರಲ್ಲಿ ಆಳವಾದ ಅರ್ಥ ಇದೆ" ಅಂತ ಬರೆಯುತ್ತಾರೆ. ನಾವು ತಲೆ ಆಡಿಸುತ್ತೇವೆ.

ತಿಗರಿ

ಗೋಡೆಮೊಳೆ ಅವರೇ, ವಿಮರ್ಶಕರ ವಿಷಯದಲ್ಲಿ ನಿಮ್ಮ ಜೊತೆ ನಾನೂ ತಲೆ ಆಡಿಸುತ್ತೇನೆ. ಆದರೆ ಬಿರುಕಿನ ವಿಷಯದಲ್ಲಿ ಇಲ್ಲ.

ನಾನು ಹತ್ತೊಂಬತ್ತು ವರ್ಷದಿಂದ ಕುಂಬಾರಿಕೆ ಕಲಿಸುತ್ತಿದ್ದೇನೆ. ಬಿರುಕು ಅಂದರೆ ನನ್ನ ಮಟ್ಟಿಗೆ ದಿನಬೆಳಗಾದರೆ ನೋಡುವ ಶತ್ರು. ಹಾಗಾಗಿ ಮನ್ಸೂರ್ ಅವರ ಮಣ್ಣಿನ ಕೆಲಸ ಮೊದಲ ಸಲ ನೋಡಿದಾಗ ನನಗೆ ಬಂದದ್ದು ಮೆಚ್ಚುಗೆ ಅಲ್ಲ, ಹೊಟ್ಟೆಯುರಿ. ನಾನು ಮಕ್ಕಳಿಗೆ "ಬಿರುಕು ಬಂದರೆ ಮತ್ತೆ ಕಲಸಿ" ಅಂತ ಹೇಳುತ್ತಾ ಬಂದಿದ್ದೇನೆ. ಈ ಮನುಷ್ಯ ಅದನ್ನೇ ಇಟ್ಟುಕೊಂಡು ಗೋಡೆಗೆ ನೇತುಹಾಕಿದ್ದಾರೆ!

ಮೊದಲು ಬಣ್ಣ ಯಾಕೆ ಬಿಟ್ಟರು ಅನ್ನುವುದನ್ನು ಹೇಳುತ್ತೇನೆ. ಅದು ಗೊತ್ತಾದರೆ ಬಿರುಕೂ ಗೊತ್ತಾಗುತ್ತದೆ.

ಮನ್ಸೂರ್ ಹುಟ್ಟಿದ್ದು 1947ರಲ್ಲಿ, ರಾಮಲ್ಲಾ ಹತ್ತಿರದ ಬೀರ್‌ಜೈತ್‌ನಲ್ಲಿ. ಅಂದರೆ ಇಸ್ರೇಲ್ ದೇಶ ಆಗುವುದಕ್ಕೆ ಒಂದು ವರ್ಷ ಮೊದಲು. 1967ರ ಯುದ್ಧದಲ್ಲಿ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾ ಎಲ್ಲ ಇಸ್ರೇಲಿನ ಕೈಗೆ ಹೋದಾಗ ಅವರಿಗೆ ಇಪ್ಪತ್ತು. 70ರ ದಶಕದಲ್ಲಿ ಅವರು ಬರೆದದ್ದೆಲ್ಲ ಎಣ್ಣೆ ಬಣ್ಣದ ಚಿತ್ರಗಳು. ಆಲಿವ್ ಕೊಯ್ಯುವ ಹೆಂಗಸರು, ಕಸೂತಿ ಹಾಕಿದ ಉದ್ದ ಅಂಗಿಗಳು, ಕಿತ್ತಳೆ ಬುಟ್ಟಿ, ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳು. ಅವರ ಚಿತ್ರಗಳಲ್ಲಿ ಕಿತ್ತಳೆ ಬಂದರೆ ಅದು 1948ರಲ್ಲಿ ಕೈತಪ್ಪಿದ ಯಾಫಾ ಕಡೆಯ ನೆಲ. ಆಲಿವ್ ಬಂದರೆ 1967ರಲ್ಲಿ ಸೈನ್ಯ ಹಿಡಿದ ಗುಡ್ಡಗಾಡು. ಒಂದು ಸಲ ಈ ಲೆಕ್ಕ ಗೊತ್ತಾದರೆ ಹಣ್ಣಿನ ಬುಟ್ಟಿ ಸುಮ್ನೆ ಹಣ್ಣಿನ ಬುಟ್ಟಿಯಾಗಿ ಕಾಣುವುದಿಲ್ಲ.

1987ರ ಡಿಸೆಂಬರಿನಲ್ಲಿ ಮೊದಲ ಇಂತಿಫಾದಾ, ಅಂದರೆ ಇಸ್ರೇಲಿ ಹಿಡಿತದ ವಿರುದ್ಧ ಪ್ಯಾಲೆಸ್ತೀನಿನ ಜನ ಎದ್ದ ದಂಗೆ, ಶುರುವಾಯಿತು. ಕಲ್ಲು ತೂರುವ ಹುಡುಗರ ಫೋಟೋ ನೀವೆಲ್ಲ ನೋಡಿರುತ್ತೀರಿ. ಆದರೆ ಅದರ ಇನ್ನೊಂದು ಮುಖ ಅಡುಗೆಮನೆಯಲ್ಲಿತ್ತು. ಇಸ್ರೇಲಿ ಸಾಮಾನು ಕೊಳ್ಳಬಾರದು ಅಂತ ಜನ ತೀರ್ಮಾನ ಮಾಡಿದರು. ಹಿತ್ತಿಲಲ್ಲಿ ತರಕಾರಿ ಬೆಳೆದರು. ಬೇತ್ ಸಾಹೂರ್ ಅನ್ನುವ ಊರಿನವರು ಹಾಲಿಗೂ ಇಸ್ರೇಲಿ ಡೈರಿ ಬೇಡ ಅಂತ 18 ಹಸು ತಂದು ಸಾಕಿದರು. ಸೈನ್ಯ ಆ ಹಸುಗಳನ್ನೇ ಹುಡುಕಿಕೊಂಡು ಬಂತು. (ತಮಾಷೆ ಮಾಡುತ್ತಿಲ್ಲ. ಹಸುಗಳನ್ನು ಬಚ್ಚಿಟ್ಟು ಕಾಪಾಡಿಕೊಂಡರು.)

ಇಂಥ ಹೊತ್ತಿನಲ್ಲಿ ಚಿತ್ರಗಾರರು ತಮ್ಮ ಕೋಣೆಯನ್ನೇ ಒಮ್ಮೆ ನೋಡಿಕೊಂಡರು. ಬಣ್ಣದ ಟ್ಯೂಬು, ಕ್ಯಾನ್ವಾಸು, ಕುಂಚ, ಎಲ್ಲವೂ ಇಸ್ರೇಲಿ ಅಂಗಡಿಯಿಂದ ತಂದದ್ದು. ಊರವರೆಲ್ಲ ಹಾಲು ಬಿಟ್ಟಿರುವಾಗ ನಾವು ಆ ದುಡ್ಡು ಕೊಟ್ಟು ಬಣ್ಣ ತಂದು, ಅದರಲ್ಲೇ ವಿರೋಧದ ಚಿತ್ರ ಬರೆಯುವುದು ಹೇಗೆ? ಮನ್ಸೂರ್, ವೇರಾ ತಮಾರಿ, ನಬೀಲ್ ಅನಾನಿ, ತೈಸೀರ್ ಬರಕಾತ್ ನಾಲ್ವರೂ ಸೇರಿ ನ್ಯೂ ವಿಷನ್ಸ್ ಅಂತ ಒಂದು ಗುಂಪು ಮಾಡಿಕೊಂಡರು. ಸುತ್ತಮುತ್ತ ಸಿಗುವ ವಸ್ತುವಿನಲ್ಲೇ ಕೆಲಸ ಮಾಡುವುದು ಅಂತ ಮಾತಾಯಿತು. ಅನಾನಿ ಚರ್ಮ ಹಿಡಿದರು. ಬರಕಾತ್ ಮರದ ಮೇಲೆ ಸುಟ್ಟು ಗೆರೆ ಮೂಡಿಸಿದರು. ತಮಾರಿ ಅಮ್ಮನದು ಮೊದಲಿಂದಲೂ ಜೇಡಿಮಣ್ಣೇ. (ಅಮ್ಮ ಅಂತ ತಾನಾಗಿ ಬಂತು. ಮಣ್ಣಿನ ಕೆಲಸದವರೆಲ್ಲ ನನಗೆ ನೆಂಟರು.) ಗೋರಂಟಿ, ಕಾಫಿ, ಗಿಡದ ಬಣ್ಣ, ಏನು ಸಿಕ್ಕಿತೋ ಅದು.

ಮನ್ಸೂರ್ ತೆಗೆದುಕೊಂಡದ್ದು ಮಣ್ಣು ಮತ್ತು ಒಣಹುಲ್ಲು. ಪ್ಯಾಲೆಸ್ತೀನಿನ ಹಳ್ಳಿಗಳಲ್ಲಿ ಅದು ಹೊಸದೇನಲ್ಲ. ಗೋಡೆಗೂ ಅದೇ, ರೊಟ್ಟಿ ಬೇಯಿಸುವ ತಾಬೂನ್ ಒಲೆಗೂ ಅದೇ. ಚಿಕ್ಕಂದಿನಲ್ಲಿ ಅಜ್ಜಿ ಮಣ್ಣು ಕಲಸುವುದನ್ನು ನೋಡಿ ಬೆಳೆದವರು ಅವರು. ಆ ಕಲಸುವ ಕೈಯೇ ನೆನಪಿಗೆ ಬಂದಿರಬೇಕು.

ಈಗ ಬಿರುಕು. ಹಸಿಮಣ್ಣು ಒಣಗುವಾಗ ಕುಗ್ಗುತ್ತದೆ. ನಾನು ಬಳಸುವ ಮಣ್ಣು ನೂರು ಸೆಂಟಿಮೀಟರಿಗೆ ಆರೇಳು ಸೆಂಟಿಮೀಟರ್ ಕುಗ್ಗುತ್ತದೆ. ಮಡಕೆಯಾದರೆ ತೊಂದರೆ ಇಲ್ಲ, ಇಡೀ ಮಡಕೆ ಒಟ್ಟಿಗೆ ಸಣ್ಣದಾಗುತ್ತದೆ. ಹಲಗೆಗೆ ಮೆತ್ತಿದರೆ? ಹಲಗೆ ಕುಗ್ಗುವುದಿಲ್ಲ. ಮಣ್ಣು ಎಳೆಯುತ್ತದೆ, ಹಲಗೆ ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಮಣ್ಣೇ ಹರಿಯುತ್ತದೆ. ಹುಲ್ಲು ಬೆರೆಸಿದ್ದರೆ ಎಳೆ ಎಳೆಯಾಗಿ ಹಿಡಿದುಕೊಳ್ಳುತ್ತದೆ. ಬಿರುಕು ಬರುತ್ತದೆ, ಆದರೆ ಉದುರುವುದಿಲ್ಲ. ಹಾಗಾಗಿ ರಾತ್ರಿಪಾಳಿ ಅವರೇ, ಅದು ವರ್ಷ ಕಳೆದಂತೆ ಆದ ಹಾನಿಯಲ್ಲ. ಮೊದಲ ಕೆಲವೇ ದಿನಗಳಲ್ಲಿ ಬಂದದ್ದು. ಮಣ್ಣು ತನ್ನ ಬುದ್ಧಿ ತೋರಿಸಿದೆ, ಅವರು ತಡೆದಿಲ್ಲ. ಮುಂದೆ ಅದನ್ನೇ ತಮ್ಮ ಗೆರೆ ಮಾಡಿಕೊಂಡಿದ್ದಾರೆ.

90ರ ದಶಕದಲ್ಲಿ ಅವರು "ನಾನು ಇಸ್ಮಾಯಿಲ್" ಅನ್ನುವ ಮಾಲೆಯನ್ನು ಮಾಡಿದರು. ನೀವು ನೋಡಿದ್ದು ಅದರಲ್ಲೊಂದು ಇರಬಹುದು. ಇಸ್ಮಾಯಿಲ್ ಅಂದರೆ ಇಬ್ರಾಹೀಮನ ಮಗ, ತಾಯಿ ಹಾಜರಾ ಜೊತೆ ಮರುಭೂಮಿಗೆ ಹೋಗಬೇಕಾದವನು. ನೀರಿಲ್ಲದೆ ಒಣಗಿದ ಮೈ. ಅಲ್ಲಿ ಬಿರುಕಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. 1998ರ ಕೈರೋ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಅವರಿಗೆ ನೈಲ್ ಬಹುಮಾನವೂ ಬಂತು.

ಕಲ್ಲಂಗಡಿ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ತರಗತಿ ಇದೆ.

ವಕ್ರತುಂಡ

ಎಲ್ಲ ಸರಿ. ಆದರೆ ಈ ಮನ್ಸೂರ್ ಓದಿದ್ದು ಜೆರುಸಲೇಮಿನ ಬೆಜಲೇಲ್ ಅಕಾಡೆಮಿಯಲ್ಲಿ. ಅದು ಇಸ್ರೇಲಿ ಸಂಸ್ಥೆ. ವಿದ್ಯೆ ಅವರಿಂದ ಬೇಕು, ಬಣ್ಣ ಮಾತ್ರ ಬೇಡ. ಇದ್ಯಾವ ಲೆಕ್ಕ?

ತಿಗರಿ

ಓದಿದ್ದು ನಿಜ, 1967ರಿಂದ 70ರವರೆಗೆ. ಪಶ್ಚಿಮ ದಂಡೆಯಲ್ಲಿ ಆಗ ಕಲಾ ಕಾಲೇಜೇ ಇರಲಿಲ್ಲ. ಅನಾನಿ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಓದಿದರು. ಎಲ್ಲರಿಗೂ ಅದು ಆಗುತ್ತಾ?

ನಿಮ್ಮ ಮಾತಿನಲ್ಲಿ ಒಂದು ಚುಚ್ಚು ಇದೆ, ಇರಲಿ. ಆದರೆ ಇಪ್ಪತ್ತರ ಹುಡುಗ ಇದ್ದೊಂದು ಶಾಲೆಗೆ ಸೇರಿದ್ದಕ್ಕೂ, ನಲವತ್ತರ ಹೊಸ್ತಿಲಲ್ಲಿ, ಹೆಸರು ಮಾಡಿದ ಮೇಲೆ, ಪಳಗಿದ ಬಣ್ಣವನ್ನೇ ಬಿಟ್ಟುಕೊಟ್ಟಿದ್ದಕ್ಕೂ ತೂಕ ಒಂದೇ ಅಲ್ಲ. ನನಗೆ ತಿಗರಿ ಬಿಟ್ಟು ನಾಳೆಯಿಂದ ಮರದಲ್ಲಿ ಕೆತ್ತು ಅಂದರೆ ಅಳು ಬರುತ್ತದೆ. ಅವರಿಗೆ ಸಿಟ್ಟಾದರೂ ಬಂದಿರುತ್ತದೆ. ಮಣ್ಣಿನಲ್ಲಿ ಆ ಕಸೂತಿಯ ನವಿರು ಬರುವುದಿಲ್ಲ, ಮುಖದ ಮೇಲೆ ಬೆಳಕು ಬರುವುದಿಲ್ಲ. ಅವರಿಗೆ ಚೆನ್ನಾಗಿ ಬರುತ್ತಿದ್ದದ್ದೆಲ್ಲ ಒಂದೇ ಏಟಿಗೆ ಹೋಯಿತು.

ಆಮೇಲೆ ಅವರೇ ಸೇರಿ ಶಾಲೆ ಕಟ್ಟುವ ಕೆಲಸವನ್ನೂ ಮಾಡಿದ್ದಾರೆ. 1994ರಲ್ಲಿ ಪೂರ್ವ ಜೆರುಸಲೇಮಿನಲ್ಲಿ ಅಲ್ ವಾಸಿತಿ ಕಲಾ ಕೇಂದ್ರ. ಮುಂದೆ ರಾಮಲ್ಲಾದ ಇಂಟರ್‌ನ್ಯಾಷನಲ್ ಅಕಾಡೆಮಿ ಆಫ್ ಆರ್ಟ್ ಪ್ಯಾಲೆಸ್ತೀನ್ ಶುರುವಾಗುವಾಗಲೂ ಇದ್ದರು. ಅಲ್ ಕುದ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ತಾನು ಹೋದ ದಾರಿಯನ್ನೇ ಮುಂದಿನ ಹುಡುಗರೂ ಹಿಡಿಯಬೇಕಾಗಬಾರದು ಅಂತ ಇರಬಹುದು.

ರಾತ್ರಿಪಾಳಿ

ಹಲಗೆ ಬಿಡುವುದಿಲ್ಲ, ಮಣ್ಣು ಎಳೆಯುತ್ತದೆ. ಇದನ್ನು ಓದಿ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ದೊಡ್ಡದು ಮಾಡಿ ನೋಡಿದರೆ ಬಿರುಕಿನೊಳಗೆ ಹುಲ್ಲಿನ ಎಳೆ ಕಾಣುತ್ತದೆ ಮೇಡಂ! ನೀವು ಹೇಳಿರದಿದ್ದರೆ ಗಮನಿಸುತ್ತಲೇ ಇರಲಿಲ್ಲ.

ಕಲ್ಲಂಗಡಿ ಕಥೆಗೆ ಕಾಯುತ್ತಿದ್ದೇನೆ. ಆಮೇಲೆ ಆ ಮುದುಕನ ಚಿತ್ರದ ಬಗ್ಗೆಯೂ ಯಾರಾದರೂ ಬರೆಯಿರಿ. ಅದು ನನಗೆ ಇವತ್ತಿಗೂ ಮಣ್ಣಿನದಕ್ಕಿಂತ ಜಾಸ್ತಿ ಇಷ್ಟ.

ತಿಗರಿ

ಕಲ್ಲಂಗಡಿ. ಇದರಲ್ಲಿ ಮಜಾ ಏನೆಂದರೆ ಆ ಮಾತು ಹೊರಟಿದ್ದು ಯಾವ ಚಿತ್ರಗಾರನ ಬಾಯಿಂದಲೂ ಅಲ್ಲ.

ರಾಮಲ್ಲಾದಲ್ಲಿ ಗ್ಯಾಲರಿ 79 ಅಂತ ಒಂದು ಪುಟ್ಟ ಜಾಗ ಇತ್ತು. ಹೆಸರೇ ಹೇಳುವ ಹಾಗೆ 1979ರದ್ದು. 1980ರಲ್ಲಿ ಅಲ್ಲಿ ಮನ್ಸೂರ್, ನಬೀಲ್ ಅನಾನಿ, ಇಸಾಂ ಬದ್ರ್ ಸೇರಿ ಪ್ರದರ್ಶನ ಇಟ್ಟರು. ಸೈನಿಕರು ಬಂದು ಮುಚ್ಚಿಸಿದರು. ಆಮೇಲೆ ಮೂವರನ್ನೂ ಕರೆಸಿ ಒಬ್ಬ ಅಧಿಕಾರಿ ಬುದ್ಧಿ ಹೇಳಿದ. ರಾಜಕೀಯ ನಿಮಗೆ ಯಾಕೆ? ಹೂವು ಬರೆಯಿರಿ, ಬೆತ್ತಲೆ ಹೆಂಗಸರನ್ನು ಬರೆಯಿರಿ, ಚೆನ್ನಾಗಿರುತ್ತದೆ. ಜೊತೆಗೆ ಇನ್ನೊಂದು ನಿಯಮ: ಕೆಂಪು, ಹಸಿರು, ಕಪ್ಪು, ಬಿಳಿ ನಾಲ್ಕೂ ಒಟ್ಟಿಗೆ ಬರಬಾರದು. ಯಾಕೆಂದರೆ ಅದು ಪ್ಯಾಲೆಸ್ತೀನ್ ಬಾವುಟದ ಬಣ್ಣ.

ಇಸಾಂ ಬದ್ರ್ ಕೇಳಿದರಂತೆ, ಈ ಬಣ್ಣಗಳಲ್ಲಿ ಒಂದು ಹೂವು ಬರೆದರೆ? ಅಧಿಕಾರಿ ಸಿಡುಕಿದ. ಹೂವಲ್ಲ, ಕಲ್ಲಂಗಡಿ ಬರೆದರೂ ಎತ್ತಿಕೊಂಡು ಹೋಗುತ್ತೇವೆ ಅಂದ. ಮನ್ಸೂರ್ ಈ ಘಟನೆಯನ್ನು ಹೀಗೇ ಹೇಳಿಕೊಂಡು ಬಂದಿದ್ದಾರೆ.

ಅಂದರೆ ಆ ಹಣ್ಣಿನ ಹೋಲಿಕೆ ಹೊಳೆದದ್ದು ನಿಷೇಧ ಹಾಕುವವನಿಗೇ! ಈ ಮೂವರೂ ಅವತ್ತೇ ಮನೆಗೆ ಹೋಗಿ ಕಲ್ಲಂಗಡಿ ಬರೆದರು ಅಂತ ಅಂತರ್ಜಾಲದಲ್ಲಿ ಓಡಾಡುವ ಕಥೆಯನ್ನು ಬಿಟ್ಟುಬಿಡಿ. ಎಷ್ಟೋ ವರ್ಷ ಆದಮೇಲೆ, 2007ರಲ್ಲಿ, ಖಾಲಿದ್ ಹೌರಾನಿ ಅನ್ನುವ ಮುಂದಿನ ತಲೆಮಾರಿನ ಕಲಾವಿದರು ಈ ಕಥೆ ಹಿಡಿದು ಕಲ್ಲಂಗಡಿ ಹೋಳಿನ ಚಿತ್ರ ಮಾಡಿದರು. ಈಗಿನ ಗುರುತಿಗೆ ಬೇರು ಹುಡುಕಿದರೆ ಅಲ್ಲಿಗೆ ಹೋಗಬೇಕು. (ಇದೇ ಹೌರಾನಿ 2011ರಲ್ಲಿ ನೆದರ್ಲೆಂಡ್ಸಿನಿಂದ ಪಿಕಾಸೊನ ಒಂದು ಅಸಲಿ ಚಿತ್ರವನ್ನು ರಾಮಲ್ಲಾಕ್ಕೆ ತರಿಸಿದವರು. ಒಂದೇ ಒಂದು ಚಿತ್ರ. ಅದಕ್ಕೆ ವಿಮೆ, ಗಡಿ, ಕಾಗದಪತ್ರ ಅಂತ ಎರಡು ವರ್ಷ ಹಿಡಿಯಿತು. ಅದೊಂದು ಬೇರೆಯೇ ಕಥೆ.)

ಬಣ್ಣದ ನಿಯಮ ಸುಮ್ನೆ ಬೆದರಿಕೆಯಾಗಿರಲಿಲ್ಲ. ಗಾಜಾದ ಜಬಾಲಿಯಾ ಶಿಬಿರದಲ್ಲಿ ಬೆಳೆದ ಫತ್ಹಿ ಗಬೆನ್ 80ರ ದಶಕದಲ್ಲಿ ಬಾವುಟದ ಬಣ್ಣ ಬಳಸಿದ ಚಿತ್ರಕ್ಕೇ ಜೈಲಿಗೆ ಹೋದರು. ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಚಿಕಿತ್ಸೆಗೆ ಗಾಜಾ ಬಿಟ್ಟು ಹೊರಗೆ ಹೋಗಲು ಅನುಮತಿಗೆ ಕಾಯುತ್ತಿದ್ದರು.

ಮುದುಕನ ಚಿತ್ರ ನೀವು ಇಷ್ಟಪಡಿ, ನನ್ನ ಅಡ್ಡಿ ಇಲ್ಲ. ನನಗೆ ಮಾತ್ರ ಅದು ಸ್ವಲ್ಪ ಪೋಸ್ಟರಿನ ಹಾಗೆ ಕಾಣುತ್ತದೆ. ಒಂದು ಸಲ ನೋಡಿದರೆ ಮುಗಿಯಿತು, ಎಲ್ಲ ಹೇಳಿಬಿಡುತ್ತದೆ.

ಚೌಕಟ್ಟು

ತಿಗರಿ ಅವರೇ, ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಆ ಕೊನೆಯ ಮಾತಿಗೆ ಎದ್ದು ಬಂದೆ.

ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಕೆಲಸ. ದಿನಕ್ಕೆ ಎಷ್ಟೋ ಪೋಸ್ಟರುಗಳಿಗೆ ಗಾಜು ಹಾಕುತ್ತೇನೆ. "ಪೋಸ್ಟರಿನ ಹಾಗೆ" ಅನ್ನುವುದನ್ನು ಬೈಗುಳದ ಹಾಗೆ ಬಳಸಿದರೆ ಬೇಜಾರಾಗುತ್ತದೆ.

ಆ ಚಿತ್ರ ಹಬ್ಬಿದ್ದೇ ಪೋಸ್ಟರ್ ಆಗಿ. ಬರೆದದ್ದು 1973ರಲ್ಲಿ. ಆಗ ಅಲ್ಲಿ ಗ್ಯಾಲರಿ ಎಲ್ಲಿತ್ತು? ಶಾಲೆ, ಪುರಸಭೆ ಕಟ್ಟಡ, ಗ್ರಂಥಾಲಯ ಹೀಗೆ ಸಿಕ್ಕಲ್ಲಿ ಪ್ರದರ್ಶನ ಇಡುತ್ತಿದ್ದರು. 1967ರಲ್ಲೇ ಸೈನ್ಯ 101ನೇ ಆದೇಶ ಅಂತ ಹೊರಡಿಸಿತ್ತು. ಬಾವುಟ ಹಾರಿಸಲು, ಜನ ಸೇರಲು, ರಾಜಕೀಯದ ಏನೇ ಅಚ್ಚು ಹಾಕಲು ಸೈನ್ಯದ ಅನುಮತಿ ಬೇಕು. ಅಂಥ ಕಡೆ ಒಂದು ಚಿತ್ರ ಅಚ್ಚಾಗಿ ಮನೆ ಮನೆಯ ಗೋಡೆಗೆ, ಅಂಗಡಿಯ ಗೋಡೆಗೆ ಹೋಯಿತು ಅಂದರೆ ಆ ಗೋಡೆಗಳೇ ಗ್ಯಾಲರಿ. ಒಂದು ಸಲ ನೋಡಿದರೆ ಎಲ್ಲ ಹೇಳಿಬಿಡಬೇಕು. ಎರಡನೇ ಸಲ ನೋಡುವಷ್ಟು ಹೊತ್ತು ಅದು ಅಲ್ಲಿ ಇರುತ್ತದೆ ಅನ್ನುವ ನಂಬಿಕೆ ಇರಬೇಕಲ್ಲ?

ರಾತ್ರಿಪಾಳಿ ಅವರಿಗೆ: ಅದರ ಹೆಸರು "ಜಮಲ್ ಅಲ್ ಮಹಾಮಿಲ್". ಕಷ್ಟದ ಹೊರೆ ಹೊರುವ ಒಂಟೆ ಅಂತ ಅರ್ಥ. ಎಷ್ಟು ಹೇರಿದರೂ ತಾಳಿಕೊಂಡು ನಡೆಯುವವನನ್ನು ಅರಬಿಯಲ್ಲಿ ಹಾಗೆ ಅನ್ನುತ್ತಾರೆ. ಆ ಹೆಸರು ಕೊಟ್ಟದ್ದು ಕಾದಂಬರಿಕಾರ ಎಮಿಲ್ ಹಬೀಬಿ. ಅಸಲು ಚಿತ್ರ ಲಿಬಿಯಾದ ಗದ್ದಾಫಿ ಕೈಗೆ ಹೋಯಿತು, 1986ರಲ್ಲಿ ಅಮೆರಿಕ ಅಲ್ಲಿ ಬಾಂಬ್ ಹಾಕಿದಾಗ ನಾಶವಾಯಿತು ಅಂತ ಹೇಳುತ್ತಾರೆ. ಊರು ಹೊತ್ತ ಮುದುಕ ಎಲ್ಲೋ ದೂರದ ದೇಶದಲ್ಲಿ, ಬೇರೆ ಯಾರದ್ದೋ ಜಗಳದಲ್ಲಿ ಸುಟ್ಟುಹೋದ. ಪೋಸ್ಟರುಗಳು ಉಳಿದವು. ಪೋಸ್ಟರ್ ಅಂದರೆ ಕೀಳು ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆಮೇಲೆ ಮನ್ಸೂರ್ 2005ರಲ್ಲಿ ಮತ್ತೊಮ್ಮೆ ಬರೆದರು. 2015ರಲ್ಲಿ ದುಬೈನ ಕ್ರಿಸ್ಟೀಸ್ ಹರಾಜಿನಲ್ಲಿ ಅದಕ್ಕೆ ಎರಡೂವರೆ ಲಕ್ಷ ಡಾಲರಿಗೂ ಜಾಸ್ತಿ ಬಂತು. ಮುದುಕನಿಗೆ ಆಗಲೂ ಚಪ್ಪಲಿ ಇರಲಿಲ್ಲ.

ತಿಗರಿ

ಒಪ್ಪಿದೆ, ಅರ್ಧ. "ಎರಡನೇ ಸಲ ನೋಡುವಷ್ಟು ಹೊತ್ತು" ಅನ್ನುವ ಮಾತು ತಟ್ಟಿತು. ಪೋಸ್ಟರ್ ಅನ್ನುವ ಪದ ವಾಪಸ್ ತಗೊಂಡೆ.

ಇನ್ನರ್ಧ ಯಾಕೆ ಇಲ್ಲ ಅಂದರೆ, ಆ ಮುದುಕನ ಕೈಕಾಲು ನೋಡಿ. ಮೈಗೆ ಹೋಲಿಸಿದರೆ ಎಷ್ಟು ದೊಡ್ಡವು! ಅಷ್ಟು ಗಟ್ಟಿ ಕೈ ಇರುವವನು ಹೊರುತ್ತಾನೆ ಬಿಡಿ ಅಂತ ನೋಡುವವರಿಗೆ ಧೈರ್ಯ ಬಂದುಬಿಡುತ್ತದೆ. ಅವನ ಕಾಲ ಕೆಳಗೆ ನೆಲವನ್ನೇ ಬರೆದಿಲ್ಲ ಅನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ. ಮಣ್ಣಿನ ಕೆಲಸದಲ್ಲಿ ಆ ಧೈರ್ಯ ಇಲ್ಲ. ಅಲ್ಲಿ ಮನುಷ್ಯನೇ ನೆಲ, ನೆಲವೇ ಹರಿದಿದೆ. ಇಬ್ಬರನ್ನೂ ಮಾಡಿದ್ದು ಒಬ್ಬರೇ ಅಂತ ರಾತ್ರಿಪಾಳಿ ಅವರು ನಂಬದೆ ಹೋದದ್ದು ಸರಿಯಾಗಿಯೇ ಇದೆ. ಹದಿನೈದು ವರ್ಷದಲ್ಲಿ ಆ ಮನುಷ್ಯನ ಸುತ್ತ ಏನೇನಾಯಿತೋ ಅದೆಲ್ಲ ನಡುವೆ ಇದೆ.

ವಕ್ರತುಂಡ

ಈಗಲೂ ಮಣ್ಣೇನಾ? ಅಥವಾ ಬಣ್ಣಕ್ಕೆ ವಾಪಸ್ ಬಂದರಾ? ಚುಚ್ಚಿ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಚೌಕಟ್ಟು

ಬಂದರು. 2005ರ ಒಂಟೆಯೇ ಎಣ್ಣೆ ಬಣ್ಣ. ಆಮೇಲೆ ದೊಡ್ಡ ದೊಡ್ಡ ಆಲಿವ್ ತೋಪುಗಳು, ಹೆಂಗಸರು ಮತ್ತೆ ಬಂದಿದ್ದಾರೆ. 2019ರಲ್ಲಿ ಯುನೆಸ್ಕೊ-ಶಾರ್ಜಾ ಅರಬ್ ಸಂಸ್ಕೃತಿ ಪ್ರಶಸ್ತಿ ಅವರಿಗೆ ಸಿಕ್ಕಿತು. ನನಗೆ ಆ ಹೊಸ ತೋಪುಗಳು ಹಳೆಯವಕ್ಕಿಂತ ತಣ್ಣಗೆ ಕಾಣುತ್ತವೆ. ವಯಸ್ಸು ಅವರದ್ದೋ ನನ್ನದೋ.

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಸುಮ್ನೆ ಒಂದು ಪ್ರಶ್ನೆ ಹಾಕಿದೆ, ಇಷ್ಟು ಬಂತು. ಎರಡೂ ಚಿತ್ರ ಉಳಿಸಿಕೊಂಡಿದ್ದೇನೆ. ಮುದುಕನ ಕಾಲ ಕೆಳಗೆ ನೆಲ ಇಲ್ಲ ಅನ್ನುವುದು ನಾನೂ ನೋಡಿರಲಿಲ್ಲ. ಈಗ ಅದೇ ಮೊದಲು ಕಾಣುತ್ತದೆ.

ತಿಗರಿ ಮೇಡಂ, ಒಂದೇ ಒಂದು ಕೇಳಬೇಕು. ಬಿರುಕು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತಾ? ಆ ಚಿತ್ರದಲ್ಲಿ ಒಂದು ಬಿರುಕು ಸರಿಯಾಗಿ ಎದೆಯ ನಡುವೆ ಹೋಗಿದೆ. ಅದನ್ನು ಅವರು ಅಲ್ಲಿಗೇ ಬರಿಸಿದ್ದಾ?

ತಿಗರಿ

ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ದಪ್ಪ ಮೆತ್ತಿದ ಕಡೆ ಬಿರುಕು ಅಗಲ, ಅದರ ನಡುವಿನ ಹೆಂಟೆಯೂ ದೊಡ್ಡದು. ತೆಳ್ಳಗಿದ್ದ ಕಡೆ ಸಣ್ಣ ಸಣ್ಣ ಬಲೆ. ದಪ್ಪ ಮತ್ತು ತೆಳು ಸೇರುವ ಗಡಿಯಲ್ಲಿ ಬಂದೇ ಬರುತ್ತದೆ. ಹುಲ್ಲು ಜಾಸ್ತಿ ಹಾಕಿದ ಕಡೆ ಕಡಿಮೆ. ಗಾಳಿ ಬೀಸುವ ಬದಿ ಮೊದಲು ಒಡೆಯುತ್ತದೆ. ಇಷ್ಟನ್ನು ಕೈಗೆ ಹಿಡಿಸಿಕೊಂಡರೆ ಬಿರುಕನ್ನು ಎದೆಯ ಹತ್ತಿರದವರೆಗೆ ಕರೆತರಬಹುದು. ನಡುವೆಯೇ ಹೋಗು ಅಂತ ಹೇಳಲು ಆಗುವುದಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ. ಈ ಚರ್ಚೆ ಶುರುವಾದ ಮೇಲೆ ನಾನೇ ಮಾಡಿ ನೋಡಿದೆ. ಪ್ಲೈವುಡ್ಡಿನ ಮೂರು ತುಂಡು, ಒಂದೊಂದು ಮೊಳದ ಚೌಕ. ಮೊದಲನೆಯದರಲ್ಲಿ ಬರೀ ಮಣ್ಣು. ಎರಡನೇ ದಿನಕ್ಕೇ ಚಕ್ಕೆ ಎದ್ದು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಹುಲ್ಲು ಕತ್ತರಿಸಿ ಬೆರೆಸಿದೆ. ನಿಂತಿತು, ಆದರೆ ಎಲ್ಲ ಕಡೆ ಒಂದೇ ಥರದ ಬಲೆ, ಚೆನ್ನಾಗಿಲ್ಲ. ಮೂರನೆಯದರಲ್ಲಿ ಮುಖ ಮಾಡಿದೆ. ಮೂಗು, ಹುಬ್ಬು ದಪ್ಪ, ಕೆನ್ನೆ ತೆಳು. ಹುಬ್ಬಿನ ಕೆಳಗೆ ಒಡೆಯುತ್ತದೆ ಅಂತ ಕಾದೆ. ಒಡೆಯಲಿಲ್ಲ. ಬಾಯಿಯ ಮೇಲೆ ಅಡ್ಡಕ್ಕೆ ಹೋಯಿತು. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ನೀರು ಮುಟ್ಟಿ ಬಿರುಕು ಮುಚ್ಚಲು ಹೋಯಿತು. ಅರ್ಧ ಮುಚ್ಚಿದ ಮೇಲೆ ನೆನಪಾಯಿತು, ನಾನು ಮಾಡುತ್ತಿರುವುದು ಮಡಕೆ ಅಲ್ಲ ಅಂತ.

ಗೋಡೆಮೊಳೆ

ಮೊದಲ ಉತ್ತರ ನನ್ನದು, ಹಾಳಾಗಿದೆ ಅಂದವನು. ವಾಪಸ್ ತಗೊಂಡೆ. ಮೂರನೇ ಹಲಗೆಯ ಫೋಟೋ ಹಾಕಿ ಮೇಡಂ.

ತಿಗರಿ

ಹಾಕುತ್ತೇನೆ. ಇನ್ನೂ ಪೂರ್ತಿ ಒಣಗಿಲ್ಲ. ಮುಚ್ಚಿದ್ದೆ ಅಂದೆನಲ್ಲ, ಆ ಬಾಯಿ ಬೆಳಿಗ್ಗೆ ನೋಡಿದರೆ ಮತ್ತೆ ತೆರೆದಿತ್ತು. ಪಕ್ಕದಲ್ಲಿ ಗಲ್ಲದ ಕಡೆಗೆ ಹೊಸದೊಂದು ಶುರುವಾಗಿದೆ.